ಒಂದು ಬ್ಯಾಗು, ಒಂದು ಬೇಸ್ ಗಿಟಾರು: ಸ್ಟೇಜಿಗೆ ಏನೇನು ಒಯ್ಯಬೇಕು?

ಬೇಸ್ ಗಿಟಾರ್ ನುಡಿಸೋರು ನಾಲ್ಕು ಜನ ಸೇರಿದ್ರೆ ಒಂದು ಮಾತು ಬಂದೇ ಬರುತ್ತೆ. ಬೆನ್ನಿಗೆ ಗಿಟಾರು, ಹೆಗಲಿಗೆ ಸಣ್ಣ ಬ್ಯಾಗು, ಬೈಕಲ್ಲೋ ಮೆಟ್ರೋದಲ್ಲೋ ಹೋಗಿ ಕಾರ್ಯಕ್ರಮ ಕೊಟ್ಟು ಬರೋ ಹಾಗಿರಬೇಕು. ಆ ಬ್ಯಾಗಲ್ಲಿ ಏನಿರಬೇಕು? ನನ್ನ ತೀರ್ಪು ಮೊದಲೇ ಹೇಳಿಬಿಡ್ತೀನಿ. ಆಂಪ್ ಕೊನೆಗೆ ತಗೊಳ್ಳಿ. ಮೊದಲು ಮಿಕ್ಸರಿಗೆ ನೇರ ಹೋಗೋ ಡಿಐ ಔಟ್‌ಪುಟ್ ಇರೋ, ನಾದ ತಿದ್ದೋ ಒಂದು ಒಳ್ಳೆ ಪ್ರೀಆಂಪ್, ಆಮೇಲೆ ಸರಿಯಾದ ಪವರ್ ಸಪ್ಲೈ, ಕೇಬಲ್, ಆಮೇಲೆ ಎರಡೋ ಮೂರೋ ಎಫೆಕ್ಟ್. ಬಹಳಷ್ಟು ಹುಡುಗರು ಇದನ್ನು ಪೂರ್ತಿ ತಲೆಕೆಳಗಾಗಿ ಮಾಡ್ತಾರೆ, ಅದಕ್ಕೇ ಈ ಸಂಚಿಕೆ.

ಹಿಂದೆ ಯಾಕೆ ಅಷ್ಟು ದೊಡ್ಡ ಸಾಮಾನು ಬೇಕಿತ್ತು ಅನ್ನೋದು ಗೊತ್ತಾದ್ರೆ, ಈಗ ಯಾಕೆ ಬೇಡ ಅನ್ನೋದು ತಾನಾಗೇ ಅರ್ಥ ಆಗುತ್ತೆ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದ್ರು. ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ತಗ್ಗಿನ ಇ ಸ್ವರ ಸುಮಾರು 41 ಹರ್ಟ್ಜ್. ಐದು ತಂತಿಯದ್ದಾದ್ರೆ ಕೆಳಗಿನ ಬಿ 31ರ ಹತ್ತಿರ ಇರುತ್ತೆ. ಇಷ್ಟು ತಗ್ಗಿನ ನಾದಕ್ಕೆ ನಮ್ಮ ಕಿವಿ ಮಂದ. ಗಾಯಕರ ದನಿ ಕೇಳಿಸೋಕೆ ಸಾಕಾಗೋ ಶಕ್ತಿ ಬೇಸ್‌ಗೆ ಏನೇನೂ ಸಾಲಲ್ಲ. ಜೊತೆಗೆ, ವಾಟ್ ಎರಡರಷ್ಟು ಮಾಡಿದ್ರೆ ಸದ್ದು ಎರಡರಷ್ಟಾಗಲ್ಲ, 3 ಡೆಸಿಬೆಲ್ ಏರುತ್ತೆ, ಅಷ್ಟೇ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದ್ರೆ ಹೆಚ್ಚುಕಮ್ಮಿ ಹತ್ತು ಪಟ್ಟು ವಾಟ್ ಬೇಕು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಈ ಲೆಕ್ಕದಿಂದಲೇ ಹುಟ್ಟಿದ್ದು. 300 ವಾಟಿನ ವಾಲ್ವ್ ಆಂಪ್. ಹೆಡ್ ಒಂದೇ 35 ಕೆಜಿ ದಾಟುತ್ತೆ, ಅದರ ಕೆಳಗಿಡೋ ಎಂಟು ಸ್ಪೀಕರಿನ ಕ್ಯಾಬಿನೆಟ್ 60 ಕೆಜಿಗೂ ಮೇಲೆ. ಆ ಕಾಲದ ಸಭಾಂಗಣದ ಸೌಂಡ್ ಸಿಸ್ಟಮ್‌ಗೆ ಬೇಸ್ ಹೊರುವ ತಾಕತ್ತೇ ಇರಲಿಲ್ಲ, ಜನರಿಗೆ ಕೇಳಿಸಬೇಕಾದ್ರೆ ಸ್ಟೇಜಿನ ಆಂಪಿಂದಲೇ ಕೇಳಿಸಬೇಕಿತ್ತು.

ಈಗ ಹಾಗಿಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ರಾಜ್ಯೋತ್ಸವದ ಸ್ಟೇಜ್ ಇರಲಿ, ಇಂದಿರಾನಗರದ ಪಬ್ ಇರಲಿ, ಜನ ಕೇಳೋದು ಸೌಂಡ್‌ನವರು ಇಟ್ಟ ಸಬ್‌ವೂಫರಿಂದ. ನಿಮ್ಮ ಆಂಪ್ ಏನಿದ್ರೂ ನಿಮಗೆ, ಪಕ್ಕದ ಡ್ರಮ್ಮರ್‌ಗೆ ಕೇಳಿಸಿದ್ರೆ ಸಾಕು. ಬೇಸ್ ನುಡಿಸೋರ ಕೆಲಸ ಈಗ ಎರಡೇ: ಮಿಕ್ಸರಿಗೆ ಶುದ್ಧವಾದ ಸಿಗ್ನಲ್ ಕೊಡಬೇಕು, ತಾವು ನುಡಿಸಿದ್ದು ತಮಗೆ ಕೇಳಿಸಬೇಕು. ಬ್ಯಾಗಿಗೆ ಹಾಕೋ ಪ್ರತಿಯೊಂದು ಸಾಮಾನಿಗೂ ಈ ಎರಡರಲ್ಲಿ ಯಾವುದಕ್ಕೆ ನೀನು ಅಂತ ಕೇಳಿ.

ಈಗ ಡಿಐ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ಪ್ಯಾಸಿವ್ ಬೇಸಿಂದ ಬರೋ ಸಿಗ್ನಲ್ ಹೈ ಇಂಪೀಡೆನ್ಸಿನದು, ಬಹಳ ಸೂಕ್ಷ್ಮ. ಐದಾರು ಮೀಟರ್ ಕೇಬಲ್‌ವರೆಗೆ ಪರವಾಗಿಲ್ಲ. ಮೈದಾನದಲ್ಲಿ ಮಿಕ್ಸರ್ ಇರೋದು ಜನರ ಹಿಂದೆ, ಮೂವತ್ತು ನಲವತ್ತು ಮೀಟರ್ ದೂರದಲ್ಲಿ. ಮಾಮೂಲಿ ಗಿಟಾರ್ ಕೇಬಲಲ್ಲಿ ಅಷ್ಟು ದೂರ ಕಳಿಸಿದ್ರೆ ಮೇಲಿನ ನಾದ ಸತ್ತುಹೋಗುತ್ತೆ, ದಾರಿಯುದ್ದಕ್ಕೂ ಲೈಟಿನ ವೈರುಗಳ ಗೊರಗೊರ ಸೇರ್ಕೊಳ್ಳುತ್ತೆ. ಡಿಐ ಆ ಸಿಗ್ನಲ್ಲನ್ನು ಲೋ ಇಂಪೀಡೆನ್ಸ್‌ಗೆ ಇಳಿಸಿ, ಮೈಕಿಗೆ ಹಾಕ್ತೀವಲ್ಲ, ಆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಲ್ಲಿ ಎರಡು ತಂತಿ ಮೂಲಕ ಕಳಿಸುತ್ತೆ. ಮಿಕ್ಸರ್ ಆ ಎರಡು ತಂತಿಗಳ ವ್ಯತ್ಯಾಸ ಮಾತ್ರ ತಗೊಳ್ಳುತ್ತೆ. ದಾರಿಯಲ್ಲಿ ಸೇರಿದ ಗದ್ದಲ ಎರಡರಲ್ಲೂ ಒಂದೇ ಥರ ಇರೋದರಿಂದ ಕಳೆದುಹೋಗುತ್ತೆ.

ಸೌಂಡ್‌ನವರ ಹತ್ರ ಡಿಐ ಇದ್ದೇ ಇರುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ. ಇದ್ರೂ ಅದು ಕೀಬೋರ್ಡ್‌ಗೆ ಹೋಗಿರುತ್ತೆ. ನಿಮ್ಮದೇ ಇರಲಿ, ಅದೂ ಪ್ರೀಆಂಪ್ ಸೇರಿರೋದು. ಪ್ರೀಆಂಪ್ ಇದ್ರೆ ಬೇಸಿನ ಬಣ್ಣ ನಿಮ್ಮ ಕಾಲಡಿಯಲ್ಲೇ ತೀರ್ಮಾನ ಆಗುತ್ತೆ, ಯಾವ ಊರಿಗೆ ಹೋದ್ರೂ ಅದೇ ಸೌಂಡ್. ಅಮೆರಿಕದ ಟೆಕ್ 21 ಕಂಪನಿ 1989ರಲ್ಲಿ ಸ್ಯಾನ್ಸ್‌ಆಂಪ್ ತಂದಾಗ, ವಾಲ್ವ್ ಆಂಪಿನ ಗುಣವನ್ನು ಕೈಯಗಲದ ಡಬ್ಬಿಯಲ್ಲಿ ಕೊಡಬಹುದು ಅಂತ ತೋರಿಸಿತು. ಅದೇ ಕಂಪನಿಯ ಬೇಸ್ ಡ್ರೈವರ್ ಡಿಐ ಇವತ್ತಿಗೂ ಪ್ರಪಂಚದ ತುಂಬ ಸ್ಟೇಜುಗಳ ಮೇಲಿದೆ. ಫಿನ್‌ಲೆಂಡಿನ ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್ ಹೊಸ ಕಾಲದ್ದು, ಕಟುವಾದ ಮೆಟಲ್ ನಾದಕ್ಕೆ ಹೆಸರುವಾಸಿ. ಬ್ರ್ಯಾಂಡ್ ಯಾವುದಾದ್ರೂ ಆಗಲಿ, ಎಕ್ಸ್‌ಎಲ್‌ಆರ್ ಔಟ್, ಗ್ರೌಂಡ್ ಲಿಫ್ಟ್ ಸ್ವಿಚ್, ಬ್ಲೆಂಡ್ ನಾಬ್ ಈ ಮೂರೂ ಇರಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಹೆಡ್‌ಫೋನ್ ಔಟ್ ಇದ್ರೆ ಮನೆಯಲ್ಲಿ ಅಭ್ಯಾಸಕ್ಕೂ ಆಯ್ತು.

ಎಲ್ಲಾ ಒಂದರಲ್ಲೇ ಇರೋ ಮಲ್ಟಿ ಎಫೆಕ್ಟ್ ತಗೊಂಡ್ರೆ ಆಗಲ್ವಾ ಅಂತ ಕೇಳ್ತೀರಿ. ಆಗುತ್ತೆ. ಜೂಮ್ ಬಿ1 ಫೋರ್ ನಾಲ್ಕು ಪೆನ್ಸಿಲ್ ಸೆಲ್‌ನಲ್ಲೂ ಓಡುತ್ತೆ, ಟ್ಯೂನರ್, ರಿದಮ್ ಎಲ್ಲಾ ಒಳಗೇ ಇದೆ, ಕಲಿಯೋರಿಗೆ ನಾನು ಅದನ್ನೇ ಹೇಳೋದು. ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್ ವೃತ್ತಿಪರರ ಮಟ್ಟದ್ದು. ಆದ್ರೆ ಎರಡರಲ್ಲೂ ಎಕ್ಸ್‌ಎಲ್‌ಆರ್ ಔಟ್ ಇಲ್ಲ. ಅಂದ್ರೆ ಪಕ್ಕದಲ್ಲಿ ಒಂದು ಪ್ರತ್ಯೇಕ ಡಿಐ ಬಾಕ್ಸ್ ಇಟ್ಕೊಳ್ಳಲೇಬೇಕು. ಬಜೆಟ್ ಹಾಕುವಾಗ ಇದನ್ನೂ ಸೇರಿಸಿ.

ಎಫೆಕ್ಟ್‌ಗಳ ವಿಷಯಕ್ಕೆ ಬಂದ್ರೆ, ಎಷ್ಟು ಬೇಕು ಅನ್ನೋದನ್ನು ಹಾಡಿನ ಪಟ್ಟಿ ಹೇಳಬೇಕು. ಟ್ಯೂನರ್ ಎಲ್ಲರಿಗೂ ಬೇಕು. ಅದು ನೆಲದ ಮೇಲಿನ ಪೆಡಲ್ಲೇ ಆಗಿರಲಿ, ಒತ್ತಿದ ಕೂಡಲೇ ಸದ್ದು ನಿಲ್ಲುತ್ತೆ. ನಿರೂಪಕರು ಗಣ್ಯರನ್ನು ಸ್ವಾಗತಿಸ್ತಾ ಇರುವಾಗ ನೀವು ಶಬ್ದ ಇಲ್ಲದೆ ಶ್ರುತಿ ಮಾಡ್ಕೋಬಹುದು. ಎರಡನೇದು ಕಂಪ್ರೆಸರ್, ಅಂದ್ರೆ ಜೋರಾದ ಸ್ವರವನ್ನು ತಗ್ಗಿಸಿ ಎಲ್ಲವನ್ನೂ ಸಮ ಮಾಡೋ ಪೆಡಲ್. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳನ್ನು ಕೇಳಿದ್ದೀರಲ್ಲ, ಅಲ್ಲಿ ಬೇಸ್ ತಾನೇ ಒಂದು ರಾಗ ಹಾಡ್ತಾ ಹೋಗುತ್ತೆ. ಅಂಥ ಓಡಾಟದಲ್ಲಿ ಒಂದು ಸ್ವರ ಎದ್ದು ಇನ್ನೊಂದು ಬಿದ್ರೆ ಹಾಡು ಕುಂಟುತ್ತೆ. ಕಂಪ್ರೆಸರನ್ನು ಹೀಗೆ ಕೂರಿಸಿ: ರೇಶಿಯೋ 4ಕ್ಕೆ 1, ಅಟ್ಯಾಕ್ 20ರಿಂದ 30 ಮಿಲಿಸೆಕೆಂಡ್. ಈಗ ನಿಮ್ಮ ಸಹಜವಾದ ಬಲದಲ್ಲಿ ನುಡಿಸ್ತಾ ಥ್ರೆಶೋಲ್ಡ್ ನಿಧಾನಕ್ಕೆ ಇಳಿಸಿ. ಮೆಲ್ಲಗೆ ನುಡಿಸಿದಾಗ ಲೈಟ್ ಆರಿರಬೇಕು, ಗಟ್ಟಿಯಾಗಿ ಎಳೆದಾಗ 4ರಿಂದ 6 ಡೆಸಿಬೆಲ್ ತಗ್ಗಬೇಕು. ಅಟ್ಯಾಕ್ ತೀರಾ ಚುರುಕು ಇಟ್ರೆ ಬೆರಳಿನ ಹೊಡೆತವೇ ಮಾಯವಾಗಿ ಬೇಸ್ ಹಿಂದಕ್ಕೆ ಸರಿದ ಹಾಗೆ ಕೇಳುತ್ತೆ.

ಮೂರನೇದು ಡ್ರೈವ್, ಅಂದ್ರೆ ನಾದಕ್ಕೆ ಒರಟುತನ ಕೊಡೋ ಪೆಡಲ್. ಗಿಟಾರಿನವರ ಡಿಸ್ಟಾರ್ಶನ್ ಪೆಡಲ್ ಎರವಲು ತಂದು ಹಾಕಿದ್ರೆ ಬುಡವೇ ಕಿತ್ತುಹೋಗುತ್ತೆ, ಯಾಕಂದ್ರೆ ಅಂಥವುಗಳಲ್ಲಿ ಹೆಚ್ಚಿನವು ತಗ್ಗಿನ ನಾದವನ್ನು ಮೊದಲೇ ಕತ್ತರಿಸಿಬಿಡ್ತವೆ. ಬ್ಲೆಂಡ್ ನಾಬ್ ಬೇಕು ಅಂದಿದ್ದು ಇದಕ್ಕೇ. ಅರ್ಧ ಶುದ್ಧ ನಾದ, ಅರ್ಧ ಒರಟು ನಾದ ಬೆರೆಸಿದ್ರೆ ಬುಡವೂ ಉಳಿಯುತ್ತೆ, ಎರಡು ಗಿಟಾರಿನ ನಡುವೆಯೂ ಬೇಸ್ ಕೇಳುತ್ತೆ. ಇದನ್ನು ಒಬ್ಬರೇ ಕೂತು ಸೆಟ್ ಮಾಡ್ಬೇಡಿ, ಬ್ಯಾಂಡ್ ಜೊತೆ ಮಾಡಿ. ಒಂಟಿಯಾಗಿ ಕೇಳುವಾಗ ಸ್ವಲ್ಪ ಕೊಳಕು ಅನ್ನಿಸೋ ಸೌಂಡೇ ಎಲ್ಲರ ಜೊತೆ ಸೇರಿದಾಗ ಸರಿಯಾಗಿ ಕೂರುತ್ತೆ.

ಈಗಿನ ಸಿನಿಮಾ ಡ್ಯಾನ್ಸ್ ಹಾಡುಗಳಲ್ಲಿ ಬೇಸ್ ಸಿಂತ್‌ನದು. ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸೋರಿಗೆ ಒಂದು ಸ್ಥಾಯಿ ಕೆಳಗಿನ ಸ್ವರ ಸೇರಿಸೋ ಆಕ್ಟೇವ್ ಪೆಡಲ್ ಬಹಳ ಉಪಯೋಗ. ಒಂದು ಸಲಕ್ಕೆ ಒಂದೇ ಸ್ವರ ಒತ್ತಿ, ಸ್ವಲ್ಪ ಮೇಲಿನ ಫ್ರೆಟ್‌ಗಳಲ್ಲಿ ನುಡಿಸಿ. ತೀರಾ ಕೆಳಗೆ ಹೋದ್ರೆ ಅದು ಹಿಡಿಯೋಕಾಗದೆ ತಡಬಡಾಯಿಸುತ್ತೆ. ಕೋರಸ್, ಡಿಲೇ, ರಿವರ್ಬ್ ಇವೆಲ್ಲ ಇಷ್ಟ ಇದ್ರೆ ತಗೊಳ್ಳಿ. ಕಾರ್ಯಕ್ರಮಕ್ಕೆ ಅನಿವಾರ್ಯ ಅಲ್ಲ.

ಪವರ್ ಸಪ್ಲೈ. ಬಹುಪಾಲು ಪೆಡಲ್‌ಗಳು 9 ವೋಲ್ಟಿನವು, ಒಳಗಿನ ಪಿನ್ ನೆಗೆಟಿವ್. ಮೊಬೈಲ್ ಅಂಗಡಿಯಲ್ಲಿ ಸಿಗೋ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ಅದು ಉಲ್ಟಾ ಇರುತ್ತೆ, ಹಾಕಿದ್ರೆ ಪೆಡಲ್ ಸುಡಬಹುದು. ಪ್ರತಿ ಪೆಡಲ್ ಎಷ್ಟು ಮಿಲಿಆಂಪಿಯರ್ ಎಳೆಯುತ್ತೆ ಅಂತ ಅದರ ತಳದಲ್ಲೇ ಬರೆದಿರುತ್ತೆ, ಕೂಡಿಸಿ ನೋಡಿ. ಎಚ್‌ಎಕ್ಸ್ ಸ್ಟಾಂಪ್ ಜೊತೆ ಬರೋ ಅಡಾಪ್ಟರ್ 3 ಆಂಪಿಯರಿನದು, ಅದರ ಬದಲು ಇನ್ನೊಂದು ಹಾಕೋ ಗೋಜಿಗೆ ಹೋಗ್ಬೇಡಿ. ಡಿಜಿಟಲ್ ಪೆಡಲ್ಲು, ಅನಲಾಗ್ ಪೆಡಲ್ಲು ಎರಡನ್ನೂ ಒಂದೇ ವೈರಿನ ಕವಲಲ್ಲಿ ಸಿಕ್ಕಿಸಿದ್ರೆ ಸಣ್ಣಗೆ ಶಿಳ್ಳೆ ಹೊಡೆದ ಹಾಗೆ ಸದ್ದು ಬರಬಹುದು. ಪ್ರತ್ಯೇಕ ಔಟ್‌ಪುಟ್ ಇರೋ ಐಸೊಲೇಟೆಡ್ ಸಪ್ಲೈಗೆ ಕೊಡೋ ದುಡ್ಡು ದಂಡ ಅಲ್ಲ.

ಇನ್ನು ನಮ್ಮ ಊರುಗಳ ನಿಜವಾದ ತಲೆನೋವು, ಅರ್ಥಿಂಗ್. ಅದು ಸರಿ ಇಲ್ಲದಿದ್ರೆ ಕರೆಂಟಿನ ಗುಂಯ್ ಅನ್ನೋ ಸದ್ದು, ಅಂದ್ರೆ ಹಮ್, ಲೈನಿಗೆ ಸೇರುತ್ತೆ. ನಮ್ಮ ಕರೆಂಟು 50 ಹರ್ಟ್ಜ್. ಬೇಸಿನ ಇ ತಂತಿಯ ಮೂರನೇ ಫ್ರೆಟ್ ಒತ್ತಿದ್ರೆ ಬರೋ ಜಿ ಸ್ವರ 49 ಹರ್ಟ್ಜ್. ಎರಡೂ ಅಕ್ಕಪಕ್ಕ. ಲೈನಲ್ಲಿ ಹಮ್ ಇದ್ದಾಗ ಆ ಜಿ ನುಡಿಸಿ ಬಿಡದೆ ಹಿಡಿದ್ರೆ ಸೆಕೆಂಡಿಗೆ ಒಂದು ಸಲ ಸದ್ದು ತೂಗಾಡುತ್ತೆ. ಶ್ರುತಿ ತಪ್ಪಿದೆ ಅಂದ್ಕೊಂಡು ಬಿರಟೆ ತಿರುಗಿಸ್ಬೇಡಿ, ಅದು ಕರೆಂಟಿನ ಗದ್ದಲ. ಹಮ್ಮನ್ನು ಮಿಕ್ಸರಿನ ಈಕ್ಯೂನಲ್ಲಿ ಕತ್ತರಿಸೋಣ ಅಂದ್ರೆ ನಿಮ್ಮ ಜಿ ಕೂಡ ಅದರ ಜೊತೆಗೇ ಹೋಗುತ್ತೆ. ಹಾಗಾಗಿ ಮೂಲದಲ್ಲೇ ನಿಲ್ಲಿಸಬೇಕು. ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಒತ್ತಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಹೋಗುತ್ತೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಹಮ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯೋದು, ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸೋದು ಯಾವತ್ತೂ ಮಾಡ್ಬೇಡಿ. ಡಿಐ ಸ್ವಿಚ್ ಸಿಗ್ನಲ್ ದಾರಿಯ ಗ್ರೌಂಡನ್ನು ಮಾತ್ರ ಬಿಡಿಸುತ್ತೆ, ಅದರಿಂದ ಅಪಾಯ ಇಲ್ಲ. ಪ್ಲಗ್ಗಿನ ಆ ದಪ್ಪ ಪಿನ್ ನಿಮ್ಮ ಜೀವ ಕಾಯೋಕೆ ಇರೋದು. ಜನರೇಟರಿನ ಸ್ಟೇಜಲ್ಲಿ ಅರ್ಥ್ ಇಲ್ಲದೆ ಹೋದ್ರೆ, ಕೈಯಲ್ಲಿ ತಂತಿ ಹಿಡಿದು ತುಟಿ ಮೈಕಿಗೆ ತಾಗಿಸಿದ ಕ್ಷಣ ಶಾಕ್ ಹೊಡೆಯುತ್ತೆ. ಮಳೆಗಾಲದ ಒದ್ದೆ ಪೆಂಡಾಲಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಬ್ಯಾಗಲ್ಲಿ ಒಂದು ಟೆಸ್ಟರ್ ಇಟ್ಕೊಳ್ಳಿ. ಸೌಂಡ್ ಚೆಕ್‌ಗೆ ಮುಂಚೆ ಮೈಕಿನ ಜಾಲರಿಗೂ ಗಿಟಾರಿನ ಬ್ರಿಡ್ಜಿಗೂ ತಾಗಿಸಿ ನೋಡಿ. ಲೈಟ್ ಉರಿದ್ರೆ ಎಲೆಕ್ಟ್ರಿಷಿಯನ್ ಬರೋವರೆಗೆ ಸ್ಟೇಜ್ ಹತ್ತಬೇಡಿ, ಸಂಘಟಕರು ಎಷ್ಟೇ ಅವಸರ ಮಾಡಲಿ.

ಕೊನೆಗೆ ಆಂಪ್. ಈಗ ಅದೂ ಹಗುರಾಗಿದೆ. ಕ್ಲಾಸ್ ಡಿ ಸರ್ಕ್ಯೂಟ್ ಕರೆಂಟನ್ನು ಶಾಖವಾಗಿ ಪೋಲು ಮಾಡೋದು ಬಹಳ ಕಮ್ಮಿ, ಹಾಗಾಗಿ ದೊಡ್ಡ ಹೀಟ್‌ಸಿಂಕ್ ಬೇಡ. ಸ್ವಿಚಿಂಗ್ ಪವರ್ ಸಪ್ಲೈ ಬಂದು ಭಾರದ ಟ್ರಾನ್ಸ್‌ಫಾರ್ಮರ್ ಹೋಯ್ತು. ಸ್ಪೀಕರಿನಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಬಂದು ಕ್ಯಾಬಿನೆಟ್ ಹಗುರಾಯ್ತು. ಟ್ರೇಸ್ ಎಲಿಯಟ್ ಎಲ್ಫ್ 200 ವಾಟಿನ ಹೆಡ್, ತೂಕ ಮುಕ್ಕಾಲು ಕೆಜಿ ಒಳಗೆ. ಪೆಟ್ಟಿಗೆ ಮೇಲೆ ಬರೆದ ವಾಟ್ ಸಾಮಾನ್ಯವಾಗಿ 4 ಓಮ್ ಕ್ಯಾಬಿನೆಟ್ಟಿನ ಲೆಕ್ಕ, 8 ಓಮ್ ಹಾಕಿದ್ರೆ ಅಷ್ಟು ಬರಲ್ಲ. ಎರಡು 8 ಓಮ್ ಕ್ಯಾಬಿನೆಟ್ ಸಮಾನಾಂತರ ಜೋಡಿಸಿದ್ರೆ 4 ಓಮ್ ಆಗುತ್ತೆ. ಆಂಪಿನ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗೆ ಇಳಿಯಬಾರದು. ಹೆಡ್‌ನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಹಾಕಬಾರದು, ಸ್ಪೀಕರ್ ಕೇಬಲ್ಲೇ ಬೇಕು.

ಹತ್ತು ಇಂಚಿನ ಒಂದು ಸ್ಪೀಕರ್ ಇದ್ರೆ ಸ್ಟೇಜಿಗೆ ಸಾಕು. ಆದ್ರೆ ಅದರಿಂದ 41 ಹರ್ಟ್ಜ್ ಜೋರಾಗಿ ಬರಬೇಕು ಅಂತ ಬೇಸ್ ನಾಬ್ ತಿರುಗಿಸಿದ್ರೆ ಸ್ಪೀಕರ್ ಹೆಣಗಾಡುತ್ತೆ, ನಿಮಗೂ ಏನೂ ಕೇಳಲ್ಲ. ನಮ್ಮ ಕಿವಿ ಇ ಸ್ವರವನ್ನು ಅದರ ಮೇಲಿನ 82, 123 ಹರ್ಟ್ಜ್‌ನ ಹಾರ್ಮೋನಿಕ್‌ಗಳಿಂದಲೂ ಗುರುತು ಹಿಡಿಯುತ್ತೆ. ತೀರಾ ತಗ್ಗಿನ ನಾದವನ್ನು ತಡೆಯೋ ಹೈಪಾಸ್ ಫಿಲ್ಟರ್ ಇದ್ರೆ 35, 40ರ ಸುತ್ತ ಇಡಿ, ಬೇಸ್ ನಾಬ್ ನೇರಕ್ಕೆ ಬಿಡಿ, 250ರಿಂದ 800 ಹರ್ಟ್ಜ್‌ವರೆಗಿನ ಮಿಡ್ ಸ್ವಲ್ಪ ಏರಿಸಿ. ನಿಮಗೆ ನೀವು ಸ್ಪಷ್ಟವಾಗಿ ಕೇಳಿಸ್ತೀರಿ. ಬುಡದ ಗುಡುಗನ್ನು ಸಬ್‌ವೂಫರ್ ನೋಡ್ಕೊಳ್ಳುತ್ತೆ.

ಸಾಮಾನು ಕೊಳ್ಳೋಕೆ ಅಂಗಡಿಗೆ ಹೋಗುವಾಗ ನಿಮ್ಮದೇ ಬೇಸ್ ತಗೊಂಡು ಹೋಗಿ, ಅಲ್ಲಿರೋ ದುಬಾರಿ ಬೇಸಲ್ಲಿ ಎಲ್ಲಾ ಪೆಡಲ್ಲೂ ಚೆನ್ನಾಗೇ ಕೇಳುತ್ತೆ. ಸೆಕೆಂಡ್ ಹ್ಯಾಂಡ್ ಆದ್ರೆ ಪ್ರತಿ ನಾಬ್ ತಿರುಗಿಸಿ, ಪ್ರತಿ ಜ್ಯಾಕ್ ಅಲ್ಲಾಡಿಸಿ ನೋಡಿ. ಕೈಯಲ್ಲಿ ಒಂದೇ ಸಾಮಾನಿಗೆ ಆಗೋಷ್ಟು ದುಡ್ಡಿದ್ರೆ ದಯವಿಟ್ಟು ಡಿಐ ಇರೋ ಪ್ರೀಆಂಪ್ ತಗೊಳ್ಳಿ, ಮಿಕ್ಕಿದ್ದನ್ನು ಮುಂದಿನ ಸೀಸನ್ ಸಂಭಾವನೆಯಲ್ಲಿ ನೋಡೋಣ.