ಹಳೇ ಮನೆಯ ಒದ್ದೆ ಗೋಡೆ



ನಾನು ಸಾಫ್ಟ್‌ವೇರ್‌ನವಳು. ಗೋಡೆಯ ವಿಷಯ ಓದಿಕೊಂಡಿದ್ದು ಕಾಚಿಗುಡದ ನಮ್ಮ ಹಳೇ ಮನೆಗಾಗಿ. ಅತ್ತೆಯವರ ಕೋಣೆಯಲ್ಲಿ ಬೇಸಿಗೆಯಲ್ಲೂ ಮೊಣಕಾಲೆತ್ತರದವರೆಗೆ ಗೋಡೆ ಒದ್ದೆ, ಮೇಲೆಲ್ಲ ಬಿಳಿ ಪುಡಿ. ಅವರಿಗೆ ಉಬ್ಬಸ ಬೇರೆ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಗಳ ಬುಡದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ಬತ್ತಿ ಎಣ್ಣೆ ಹೀರುವಂತೆ ಗೋಡೆ ನೆಲದ ನೀರನ್ನು ಹೀರುತ್ತದೆ, ಸುಮಾರು 1 ಮೀಟರ್‌ವರೆಗೂ. ನೀರು ಆರಿದ ಮೇಲೆ ಉಳಿಯುವ ಉಪ್ಪೇ ಆ ಪುಡಿ. ಸೂರಿನ ಹತ್ತಿರ ಒದ್ದೆಯಾಗಿದ್ದರೆ ಅದು ಸೋರಿಕೆ, ಆ ಕಥೆಯೇ ಬೇರೆ.

ಮೇಸ್ತ್ರಿ, "ಸಿಮೆಂಟ್ ಬಳಿದು ಟೈಲ್ಸ್ ಹಾಕಿಬಿಡೋಣಮ್ಮ" ಅಂದರು. ಖರ್ಚೂ ಕಡಿಮೆ, ಮನೆಯವರೂ ಒಪ್ಪಿದ್ದರು. ನಾನು ಬೇಡವೆಂದೆ. ಸಿಮೆಂಟ್ ತೇವವನ್ನು ಆರಲು ಬಿಡದು. ದಾರಿ ಸಿಗದ ನೀರು ಇನ್ನೂ ಮೇಲಕ್ಕೆ ಹತ್ತುತ್ತದೆ. ಹೊರಗೆ ಹೋಗಿ ನೋಡಿದರೆ, ಮತ್ತೆ ಮತ್ತೆ ಕಾಂಕ್ರೀಟ್ ಹಾಕಿ ಹಾಕಿ ಅಂಗಳವೇ ಒಳಗಿನ ನೆಲಕ್ಕಿಂತ ಎತ್ತರವಾಗಿತ್ತು! ಮೊದಲು ಅದನ್ನು ಅಗೆಸಿ ತಗ್ಗಿಸಿದೆವು, ನೀರು ಹೊರಗೆ ಹರಿಯುವಂತೆ ಮಾಡಿದೆವು. ಆಮೇಲೆ ಒಳಗಿನ ಉಪ್ಪು ಹಿಡಿದ ಗಾರೆ ಕೆತ್ತಿಸಿ ಹೊಸ ಸುಣ್ಣದ ಗಾರೆ.

ತಾಳ್ಮೆ ಬೇಕು. 1 ಅಂಗುಲ ದಪ್ಪ ಒಣಗಲು ಅಂದಾಜು 1 ತಿಂಗಳು. 18 ಅಂಗುಲದ ಗೋಡೆಗೆ ಲೆಕ್ಕ ನೀವೇ ಹಾಕಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಪೇಂಟ್ ಬೇಡ, ಬರೀ ಸುಣ್ಣ ಹೊಡೆಸಿ.