ಹಳೆಯ ಡಬ್ಬಿ, ಹೊಸ ಸಸಿ: ಚಳಿಗಾಲದಲ್ಲೊಂದು ಮನೆಯ ಕೆಲಸ



ಲಚ್ಯಾಣ ಹಾಗೂ ಇಂಡಿ ತಾಲೂಕಿನ ಇತರ ಗ್ರಾಮಗಳ ದಂಪತಿಗಳಾದ ತಮ್ಮೊಡನೆ ಇಂದು ಔಷಧದ ಮಾತಿಗಿಂತ ಮೊದಲು ಬೀಜದ ಮಾತನ್ನು ಆಡಬಯಸುತ್ತೇನೆ. ಆಸ್ಪತ್ರೆಯ ವೈದ್ಯಾಧಿಕಾರಿಗೆ ಬೀಜ, ಸಸಿಗಳ ಗೊಡವೆ ಏಕೆಂದು ತಾವು ಕೇಳಬಹುದು. ಹಿತ್ತಲ ಗಿಡ ಮದ್ದಲ್ಲವೆಂದು ನಮ್ಮಲ್ಲೊಂದು ಗಾದೆಯುಂಟು. ಆದರೆ ರಕ್ತಹೀನತೆಯೆಂಬ ವ್ಯಾಧಿಯ ಮಟ್ಟಿಗೆ ಹಿತ್ತಲ ಗಿಡಕ್ಕೆ ಔಷಧದ ಪಕ್ಕದಲ್ಲಿಯೇ ಸ್ಥಾನವಿದೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳು ರಕ್ತಹೀನತೆಗೆ ಒಳಗಾಗಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಕಣ್ಣಿಗೆ ಕತ್ತಲೆ, ಕೈಕಾಲು ಸೋತಂತಾಗುವುದು, ನಾಲಿಗೆ ಹಾಗೂ ಉಗುರು ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಅನೇಕರು ಇದನ್ನು ದುಡಿಮೆಯ ದಣಿವೆಂದು ಭಾವಿಸಿ ಸುಮ್ಮನಿರುತ್ತಾರೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆಯೇ ಸರಿ. 7 ಗ್ರಾಂಗಿಂತ ಕೆಳಗಿಳಿದರೆ ಅದು ತೀವ್ರ ಸ್ವರೂಪದ್ದು. ಅಂಥ ತಾಯಿಗೆ ಹೆರಿಗೆಯ ವೇಳೆ ಆಗುವ ಅಲ್ಪ ರಕ್ತಸ್ರಾವವೂ ಪ್ರಾಣಕ್ಕೆ ಸಂಚಕಾರ ತರಬಲ್ಲದು.

ಇನ್ನೊಂದು ಸಂಗತಿಯನ್ನು ದಂಪತಿಗಳಿಬ್ಬರೂ ಅರಿತಿರಬೇಕು. ಮಗುವಿನ ಮೆದುಳು ಹಾಗೂ ಬೆನ್ನುಹುರಿಯ ಮೊದಲ ರೂಪವು ಗರ್ಭ ನಿಂತ 28 ದಿನಗಳೊಳಗೆ ಕೂಡಿಕೊಳ್ಳುತ್ತದೆ. ತಾನು ಗರ್ಭಿಣಿಯೆಂದು ತಾಯಿಗೆ ತಿಳಿಯುವ ಮುನ್ನವೇ ಈ ಕಾರ್ಯ ಮುಗಿದಿರುತ್ತದೆ. ಇದಕ್ಕೆ ಫೋಲಿಕ್ ಆಮ್ಲವೆಂಬ ಸತ್ವ ಬೇಕು. ಹಸಿರು ತಪ್ಪಲು ಪಲ್ಯಗಳಲ್ಲಿ ಈ ಸತ್ವವಿದೆ. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದ ದಂಪತಿಗಳು ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲದ ಮಾತ್ರೆಯನ್ನು ಆರಂಭಿಸಿ, ಊಟದಲ್ಲಿ ತಪ್ಪಲು ಪಲ್ಯವನ್ನು ರೂಢಿಸಿಕೊಳ್ಳಬೇಕು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಮಾತು ಸಸಿಗೂ ಶಿಶುವಿಗೂ ಸಮನಾಗಿ ಸಲ್ಲುತ್ತದೆ.

ಪ್ರೌಢರೊಬ್ಬರಿಗೆ ದಿನಕ್ಕೆ ಸುಮಾರು 100 ಗ್ರಾಂ ಸೊಪ್ಪು ಬೇಕು. ಸಂತೆಯ ದಿನ ತಂದ ಸೊಪ್ಪು ಮರುದಿನವೇ ಬಾಡುತ್ತದೆ. ನಮ್ಮದು ಮಳೆ ಕಡಿಮೆಯ ಪ್ರದೇಶ. ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ ನಿಂತಿರುವಾಗ ಕಾಯಿಪಲ್ಯಕ್ಕೆಂದು ಬೇರೆ ಭೂಮಿ ಎಲ್ಲರಿಗೂ ಇರುವುದಿಲ್ಲ. ಆದರೆ ನಾಲ್ಕು ಹಳೆಯ ಡಬ್ಬಿಗಳು ಹಾಗೂ ಬಿಸಿಲು ಬೀಳುವ ಒಂದು ಗೋಡೆ ಎಲ್ಲರ ಮನೆಯಲ್ಲಿಯೂ ಇವೆ. ಆರಂಭಕ್ಕೆ ಅಷ್ಟು ಸಾಕು.

ಇದಕ್ಕೆ ಚಳಿಗಾಲವೇ ತಕ್ಕ ಕಾಲ. ಹಿಮ ಬೀಳುವ ದೇಶಗಳಲ್ಲಿ ಕೂಡ ಜನರು ಹಾಲಿನ ಖಾಲಿ ಪ್ಲಾಸ್ಟಿಕ್ ಡಬ್ಬಿಗಳನ್ನು ಅಡ್ಡಲಾಗಿ ಕೊಯ್ದು, ಮಣ್ಣು ತುಂಬಿ, ಬೀಜ ಬಿತ್ತಿ, ಮತ್ತೆ ಮುಚ್ಚಿ, ಚಳಿಯಲ್ಲಿಯೇ ಹೊರಗಿಡುತ್ತಾರೆ. ಅಲ್ಲಿ ಬೀಜವು ವಸಂತದವರೆಗೆ ಕಾಯಬೇಕು. ನಮ್ಮಲ್ಲಿ ಹಿಮದ ಭಯವಿಲ್ಲ, ಹಗಲಿನ ಬಿಸಿಲು ಹಿತವಾಗಿರುತ್ತದೆ, ನೀರು ಬೇಗನೆ ಆರುವುದಿಲ್ಲ. ದೀಪಾವಳಿ ಮುಗಿದೊಡನೆ ಬಿತ್ತಿದರೆ ಎಳ್ಳ ಅಮಾವಾಸ್ಯೆಯಂದು ತಾವು ಚರಗ ಚೆಲ್ಲಲು ಹೊಲಕ್ಕೆ ಹೋಗುವ ಹೊತ್ತಿಗೆ ಮೆಂತ್ಯದ ಪಲ್ಯವನ್ನು ಬುತ್ತಿಯಲ್ಲಿ ಕಟ್ಟಿಕೊಳ್ಳಬಹುದು.

ಒಡೆದ ಗಡಿಗೆಯ ತಳ, ತೆಂಗಿನ ಚಿಪ್ಪು, ಎಣ್ಣೆಯ ಡಬ್ಬಿ, ನೀರಿನ ಬಾಟಲಿ, ತೊಳೆದ ಹಾಲಿನ ಪ್ಯಾಕೆಟ್, ಹರಿದ ಬುಟ್ಟಿ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಪ್ರತಿಯೊಂದರ ತಳದಲ್ಲಿ ನಾಲ್ಕೈದು ರಂಧ್ರಗಳಿರಬೇಕು. ರಂಧ್ರವಿಲ್ಲದಿದ್ದರೆ ನೀರು ನಿಂತು ಬೇರು ಕೊಳೆಯುತ್ತದೆ. ತಗಡಿನ ಅಂಚನ್ನು ಒಳಕ್ಕೆ ಮಡಿಚಿ ಬಡಿಯಿರಿ. ಮಣ್ಣು, ಸಗಣಿಗಳಲ್ಲಿ ಧನುರ್ವಾಯುವಿನ ರೋಗಾಣು ಇರುವುದುಂಟು. ತಗಡಿನಿಂದ ಗಾಯವಾದರೆ ಸಾಬೂನಿನಿಂದ ತೊಳೆದು, ಚುಚ್ಚುಮದ್ದಿನ ಅವಶ್ಯಕತೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿರಿ.

ನಮ್ಮ ಎರೆಮಣ್ಣು ಒಂದೇ ಆದರೆ ನೀರು ಹಿಡಿದು ಅಂಟಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಒಂದು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿರಿ. ಹಸಿ ಸಗಣಿ ಬೇಡ. ಬೀಜದ ದಪ್ಪದ ಎರಡರಷ್ಟು ಆಳದಲ್ಲಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ, ಕೈಯಿಂದ ನೀರು ಚಿಮುಕಿಸಿರಿ. ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡಾಗಿ ಸೀಳಿ ಬಿತ್ತಬೇಕು.

ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ಸರಿದಿರುತ್ತಾನೆ. ಆದುದರಿಂದ ಮನೆಯ ದಕ್ಷಿಣದ ಗೋಡೆಯ ಬದಿಗೆ ಡಬ್ಬಿಗಳನ್ನು ಸಾಲಾಗಿ ಇಡಿರಿ. ಹಗಲು ಕಾದ ಗೋಡೆಯು ರಾತ್ರಿ ಸ್ವಲ್ಪ ಬೆಚ್ಚಗೆ ಕಾಪಾಡುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಗಳಿಗೆ ಚಳಿ ಒಗ್ಗದು. ಅವುಗಳ ಮೇಲೆ ರಾತ್ರಿ ತಳ ಕೊಯ್ದ ಬಾಟಲಿಯನ್ನು ಬೋರಲು ಹಾಕಬಹುದು. ಬೆಳಿಗ್ಗೆ ಬಿಸಿಲೇರುವ ಮುನ್ನ ಅದನ್ನು ತೆಗೆಯದಿದ್ದರೆ ಸಸಿ ಬೆಂದುಹೋಗುತ್ತದೆ. ನೀರನ್ನು ಬೆಳಿಗ್ಗೆಯೇ ಹಾಕಿರಿ. ಸಂಜೆ ಹಾಕಿದ ನೀರಿನಿಂದ ಎಳೆಯ ಸಸಿಯ ಬುಡ ಕೊಳೆಯುವುದುಂಟು. ಕಾಯಿಪಲ್ಯ, ಬೇಳೆ ತೊಳೆದ ನೀರು ಉತ್ತಮ. ಸಾಬೂನು ಬೆರೆತ ನೀರು ಸೊಪ್ಪಿಗೆ ಸಲ್ಲದು.

ಮೆಂತ್ಯ ಹಾಗೂ ರಾಜಗಿರಿ ಒಂದು ವಾರದೊಳಗೆ ಮೊಳೆತು, 25ರಿಂದ 30 ದಿನಗಳಲ್ಲಿ ಪಲ್ಯಕ್ಕೆ ಬರುತ್ತವೆ. ಪಾಲಕ, ಕೊತ್ತಂಬರಿ ಇನ್ನೂ ಕೆಲವು ದಿನ ಕೇಳುತ್ತವೆ. ಹದಿನೈದು ದಿನಗಳಿಗೊಮ್ಮೆ ಹೊಸದೊಂದು ಡಬ್ಬಿಯಲ್ಲಿ ಬಿತ್ತುತ್ತ ಹೋದರೆ ಸೊಪ್ಪಿನ ಸರಣಿ ತುಂಡಾಗುವುದಿಲ್ಲ. ಟೊಮೆಟೊ ಸಸಿಯನ್ನು ನಾಲ್ಕು ವಾರಕ್ಕೆ, ಮೆಣಸಿನ ಸಸಿಯನ್ನು ಆರು ವಾರಕ್ಕೆ ಕಿತ್ತು ನೆಡಬಹುದು. ಟೊಮೆಟೊ ಹಣ್ಣು ಶಿವರಾತ್ರಿಯ ಸುಮಾರಿಗೆ ಕೈಗೆ ಬರುತ್ತದೆ. ಸಂಕ್ರಮಣ ಕಳೆದು ಚಳಿ ಮುರಿದ ಮೇಲೆ ಒಂದೊಂದು ಹಾಲಿನ ಪ್ಯಾಕೆಟ್ಟಿನಲ್ಲಿ ಒಂದೊಂದು ನುಗ್ಗೆಯ ಬೀಜ ಊರಿರಿ. ಹಿತ್ತಲಿನಲ್ಲಿ ಒಂದು ನುಗ್ಗೆ ಮರ ನಿಂತರೆ, ಅದರ ಸೊಪ್ಪು ಮಕ್ಕಳ ಕಣ್ಣಿಗೆ ಬೇಕಾದ ಎ ಜೀವಸತ್ವವನ್ನು ವರ್ಷವಿಡೀ ಒದಗಿಸುತ್ತದೆ.

ಇನ್ನು ಕೆಲವು ಎಚ್ಚರಿಕೆಗಳನ್ನು ವೈದ್ಯಾಧಿಕಾರಿಯಾಗಿ ಒತ್ತಿ ಹೇಳಬೇಕಾಗಿದೆ. ದ್ರಾಕ್ಷಿ, ಲಿಂಬೆ, ದಾಳಿಂಬೆ, ಹತ್ತಿಗಳಿಗೆ ಸಿಂಪಡಿಸುವ ಔಷಧದ ಡಬ್ಬಿಯನ್ನು ಎಷ್ಟೇ ತೊಳೆದರೂ ಸಸಿಗಾಗಲಿ, ನೀರಿಗಾಗಲಿ, ಕಾಳಿಗಾಗಲಿ ಉಪಯೋಗಿಸಬಾರದು. ಚೀಟಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಯಾವುದೇ ಬಣ್ಣದ ಗುರುತಿರಲಿ, ಅದು ವಿಷದ ಡಬ್ಬಿ. ಹಸಿರು ಬಣ್ಣವೆಂದರೆ ನಿರಪಾಯವೆಂದು ತಿಳಿಯಬೇಡಿರಿ. ಅಂಥ ಡಬ್ಬಿಯನ್ನು ತೂತು ಮಾಡಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿರಿ. ಅಂಗಡಿಯಿಂದ ತಂದ ಬೀಜಕ್ಕೆ ಕೆಂಪು ಅಥವಾ ಗುಲಾಬಿ ಬಣ್ಣ ಹಚ್ಚಿದ್ದರೆ ಅದು ಶಿಲೀಂಧ್ರನಾಶಕ ವಿಷ. ಉಳಿದ ಬೀಜವನ್ನು ಅಡುಗೆಮನೆಯ ಡಬ್ಬಿಗೆ ಸೇರಿಸಬಾರದು, ಬಿತ್ತಿದ ಕೈಯನ್ನು ತೊಳೆಯದೆ ಮಗುವಿಗೆ ತುತ್ತು ಕೊಡಬಾರದು. ಯಾರಾದರೂ ವಿಷ ಸೇವಿಸಿದ ಸಂಶಯ ಬಂದರೆ ವಾಂತಿ ಮಾಡಿಸುತ್ತ ಕೂಡದೆ, 108ಕ್ಕೆ ಕರೆ ಮಾಡಿ, ಆ ಡಬ್ಬಿಯನ್ನೂ ಆಸ್ಪತ್ರೆಗೆ ತನ್ನಿರಿ.

ಖಾಲಿಯಾದ ಡಬ್ಬಿಗಳನ್ನು ಬಾಯಿ ಮೇಲಾಗಿ ಬಿಡಬೇಡಿರಿ. ಡೆಂಗಿ ಜ್ವರ ಹರಡುವ ಈಡಿಸ್ ಸೊಳ್ಳೆಗೆ ಒಂದು ಚಿಪ್ಪಿನಷ್ಟು ತಿಳಿನೀರು ಸಾಕು. ಮೊಟ್ಟೆಯು ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನಗಳು ಹಿಡಿಯುತ್ತವೆ. ಆದುದರಿಂದ ವಾರಕ್ಕೊಮ್ಮೆ ಎಲ್ಲ ಡಬ್ಬಿಗಳ ಅಡಿಯನ್ನು ನೋಡಿ, ನಿಂತ ನೀರನ್ನು ಚೆಲ್ಲಿರಿ.

ಬೆಳೆದ ಸೊಪ್ಪನ್ನು ತಿನ್ನುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ತೊಳೆದು ಬಳಿಕ ಹೆಚ್ಚಿರಿ. ಬೇಯಿಸಿದ ನೀರನ್ನು ಚೆಲ್ಲಬೇಡಿರಿ. ಸೊಪ್ಪಿನ ಕಬ್ಬಿಣಾಂಶವು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಲಿಂಬೆಗೆ ಹೆಸರಾದ ಇಂಡಿ ತಾಲೂಕಿನವರಾದ ತಮಗೆ ಅದೇನೂ ದೂರದ ವಸ್ತುವಲ್ಲ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ಲಿಂಬೆಯನ್ನು ಹಿಂಡಿರಿ. ಊಟದೊಡನೆ ಚಹಾ ಕುಡಿದರೆ ಕಬ್ಬಿಣಾಂಶ ಹತ್ತುವುದು ಕುಂಠಿತವಾಗುತ್ತದೆ. ಒಂದೆರಡು ತಾಸು ಬಿಟ್ಟು ಕುಡಿಯಿರಿ.

ಸೊಪ್ಪು ತಿಂದೆವೆಂದು ಮಾತ್ರೆಯನ್ನು ಬಿಡಬಾರದು. ಗರ್ಭಿಣಿಯು ನಾಲ್ಕನೆಯ ತಿಂಗಳಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗಬೇಕು. ಮಾತ್ರೆಯು ಆಸ್ಪತ್ರೆಯಲ್ಲಿಯೂ ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ಉಚಿತವಾಗಿ ದೊರೆಯುತ್ತದೆ. ಮಲ ಕಪ್ಪಾದರೆ ಅಂಜಬೇಕಾಗಿಲ್ಲ.

ಕಡೆಯದಾಗಿ ಮನೆಯ ಯಜಮಾನರಿಗೆ ಒಂದು ಮಾತು. ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು, ಅತ್ತೆ ಮಾವಂದಿರು ಉಂಡ ಮೇಲೆ ಸೊಸೆಯ ಪಾಲಿಗೆ ರೊಟ್ಟಿ ಹಾಗೂ ಖಾರದ ಚಟ್ನಿ ಮಾತ್ರ ಉಳಿಯುತ್ತವೆ. ಹಿತ್ತಲಿನಲ್ಲಿ ಹತ್ತು ಡಬ್ಬಿ ಸೊಪ್ಪು ಬೆಳೆದರೂ ಅದು ಆಕೆಯ ತಾಟಿಗೆ ಬಾರದಿದ್ದರೆ ಆಕೆಯ ರಕ್ತ ಹೆಚ್ಚುವುದು ಹೇಗೆ? ಡಬ್ಬಿಗೆ ರಂಧ್ರ ಕೊರೆಯುವುದು, ಗೊಬ್ಬರ ಹೊರುವುದು, ನೀರು ತರುವುದು ತಮ್ಮ ಕೆಲಸವಾಗಲಿ. ಪಲ್ಯವಾದ ದಿನ ಮೊದಲ ಪಾಲನ್ನು ಗರ್ಭಿಣಿಗೆ ಅಥವಾ ಹಾಲುಣಿಸುವ ತಾಯಿಗೆ ಎತ್ತಿಡುವುದು ಮನೆಯ ನಿಯಮವಾಗಲಿ.

ಈ ದೀಪಾವಳಿಯ ನಂತರ ಒಂದು ಹಿಡಿ ಮೆಂತ್ಯದಿಂದ ಆರಂಭಿಸಿರಿ. ಅದೇ ವಾರ ದಂಪತಿಗಳಿಬ್ಬರೂ ಆರೋಗ್ಯ ಕೇಂದ್ರಕ್ಕೆ ಬಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು, ಬಂದ ಅಂಕಿಯನ್ನು ತಾಯಿ ಕಾರ್ಡಿನಲ್ಲಾಗಲಿ, ಕ್ಯಾಲೆಂಡರಿನಲ್ಲಾಗಲಿ ಬರೆದಿಡಿರಿ. ಮೂರು ತಿಂಗಳ ತರುವಾಯ ಮತ್ತೊಮ್ಮೆ ಪರೀಕ್ಷೆ ಮಾಡಿಸಿದರೆ, ಮಾತ್ರೆಯೂ ಸೊಪ್ಪೂ ಕೂಡಿ ಮಾಡಿದ ಕೆಲಸವನ್ನು ತಾವೇ ಕಾಣಬಹುದು.