ಗೋಕಾಕದ ಮಣ್ಣಿನ ಹಣ್ಣು, ನ್ಯೂಯಾರ್ಕಿನ ಅಂಗಡಿ

ಇವತ್ತಿನ ವಿಷಯ ಪಾಪ್ ಆರ್ಟ್. ಹೆಸರು ಕೇಳಿ ಹಾಡು-ಗೀಡು ಅಂದ್ಕೋಬ್ಯಾಡ್ರಿ, ಇದು ಚಿತ್ರ ಮತ್ತು ಶಿಲ್ಪದ ಮಾತು. ನಾನು ಕೌಜಲಗಿಯವ. ನಮ್ಮೂರು ಅಂದ ಕೂಡಲೇ ಶ್ರೀಕೃಷ್ಣ ಪಾರಿಜಾತ, ಕೌಜಲಗಿ ನಿಂಗಮ್ಮ ನೆನಪಾಗ್ತಾರ. ಆದರೆ ಈ ವಿಷಯಕ್ಕೆ ನಾವು ಬಾಜೂಕಿನ ಗೋಕಾಕಕ್ಕೆ ಹೋಗಬೇಕು.

ನಮ್ಮ ಕಡೆ ಹಳೇ ಮನೆಗಳ ಗಾಜಿನ ಕಪಾಟಿನಾಗ ಮಣ್ಣಿನ ಹಣ್ಣು ಇಟ್ಟಿರ್ತಿದ್ದರು. ಮಾವು, ಬಾಳೆ, ಸೀತಾಫಲ, ನಡುವೆ ಒಂದು ಬದನೆಕಾಯಿ. ಬಣ್ಣ ಎಷ್ಟು ಹದವಾಗಿರ್ತಿತ್ತು ಅಂದ್ರ, ಮನೆಗೆ ಬಂದ ಹುಡುಗರು ಕೈ ಹಾಕೋರು. ಗೋಕಾಕದ ಜೀನಗಾರ ಮನೆತನದವರ ಕೆಲಸ ಅದು. ಹಗುರ ಕಟ್ಟಿಗೆ ಮತ್ತು ಅಲ್ಲೇ ಸಿಗುವ ಒಂದು ವಿಶೇಷ ಮಣ್ಣಿನಿಂದ ಇಲ್ಲಿ ಗೊಂಬೆ, ಹಣ್ಣು ಮಾಡ್ತಾರೆ ಅಂತ ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲೂ ಬರೆದಿದೆ.

ಈ ಹಣ್ಣು ಮನಸ್ಸಿನಾಗ ಇರಲಿ, ಈಗ ನ್ಯೂಯಾರ್ಕಿಗೆ ಬರ್ರಿ. 1961ರ ಡಿಸೆಂಬರ್. ಕ್ಲಾಸ್ ಓಲ್ಡನ್‌ಬರ್ಗ್ ಎಂಬ ಕಲಾವಿದ ಬಾಡಿಗೆಯ ಮಳಿಗೆಯೊಂದರಲ್ಲಿ ‘ದಿ ಸ್ಟೋರ್’ ಅಂತ ಅಂಗಡಿಯನ್ನೇ ತೆರೆದ. ಒಳಗ ಏನಿತ್ತು? ತಂತಿಬಲೆಯ ಮೇಲೆ ಪ್ಲಾಸ್ಟರ್ ಮೆತ್ತಿ, ಮೇಲೆ ಎನಾಮಲ್ ಬಣ್ಣ ಹಚ್ಚಿದ ಕೇಕು, ತಿಂಡಿ, ಅಂಗಿ, ಬೂಟು. ಮರುವರ್ಷ ಆ್ಯಂಡಿ ವಾರ್ಹೋಲ್ ಸೂಪ್ ಡಬ್ಬಿಗಳ 32 ಚಿತ್ರ ಬರೆದ. ಲಾಸ್ ಏಂಜಲೀಸ್‌ನಲ್ಲಿ ಅವನ್ನು ಕಿರಾಣಿ ಅಂಗಡಿಯಂತೆ ಸಾಲಾಗಿ ಇಟ್ಟು ತೋರಿಸಿದರು.

ಹಾಗಾದರೆ ಪಾಪ್ ಆರ್ಟ್ ಗೋಕಾಕದಾಗ ಮೊದಲು ಹುಟ್ಟಿತೇನು? ಹಂಗ ಹೇಳಿದ್ರ ಚಪ್ಪಾಳೆ ಬೀಳ್ತಾವು, ಆದರೆ ನಿಜ ಅಲ್ಲ. ನಮ್ಮವರು ಹಣ್ಣನ್ನು ಪ್ರೀತಿಯಿಂದ ಹಣ್ಣಿನಂಗ ಮಾಡಿದರು, ಅಷ್ಟೇ. ಪಾಪ್‌ನವರಿಗೆ ಒಂದು ಜಗಳ ಇತ್ತು. ಆಕಾರವೇ ಇಲ್ಲದ ಅಮೂರ್ತ ಚಿತ್ರಗಳು ಗ್ಯಾಲರಿಗಳನ್ನು ಆಳುತ್ತಿದ್ದ ಕಾಲ ಅದು. ಜಾಹೀರಾತು, ಸಿನಿಮಾ, ಡಬ್ಬಿ ಆಹಾರದಿಂದ ತುಂಬಿದ ಜಗತ್ತು ಚಿತ್ರದಾಗ ಯಾಕ ಬರಬಾರದು ಅಂತ ಅವರು ಕೇಳಿದರು. ಪ್ರಶ್ನೆ ಲಂಡನ್ನಿನಲ್ಲೇ ಮೊದಲು ಎದ್ದಿತ್ತು. ಎಡ್ವಾರ್ಡೊ ಪವೊಲೊಟ್ಸಿ 1947ರಲ್ಲಿ ಪತ್ರಿಕೆಯ ತುಣುಕು ಅಂಟಿಸಿ ಮಾಡಿದ ಒಂದು ಕೊಲಾಜ್‌ನಲ್ಲಿ ‘ಪಾಪ್’ ಎಂಬ ಶಬ್ದವೇ ಇದೆ. 1956ರಲ್ಲಿ ರಿಚರ್ಡ್ ಹ್ಯಾಮಿಲ್ಟನ್‌ನ ಕೊಲಾಜ್ ಬಂತು.

ನನಗೆ ಕಾಡೋದು ಹೆಸರಿನ ವಿಷಯ. ರಾಯ್ ಲಿಕ್ಟನ್‌ಸ್ಟೈನ್‌ನ 1963ರ ‘ವ್ಯಾಮ್!’ ಇವತ್ತು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅದರ ಮೂಲ 1962ರ ಒಂದು ಯುದ್ಧದ ಕಾಮಿಕ್. ಬರೆದವ ಇರ್ವ್ ನೋವಿಕ್. ಲಿಕ್ಟನ್‌ಸ್ಟೈನ್ ಹೆಸರು ಎಲ್ಲರಿಗೂ ಗೊತ್ತು. ನೋವಿಕ್ ಯಾರು ಅಂತ ಎಷ್ಟು ಮಂದಿ ಕೇಳ್ಯಾರ ಹೇಳ್ರಿ?

ಆ ಗಾಳಿ ಬರೋಡಾಕ್ಕೂ ಬಂತು. ಲೆಕ್ಕಪತ್ರದ ನೌಕರಿ ಮಾಡುತ್ತಲೇ ಚಿತ್ರ ಬರೆದ ಭೂಪೇನ್ ಖಖ್ಖರ್, 1960ರ ದಶಕದಲ್ಲಿ ಬಜಾರಿನ ದೇವರ ಪಟಗಳನ್ನು ಕತ್ತರಿಸಿ ಕ್ಯಾನ್ವಾಸಿಗೆ ಅಂಟಿಸಿದರು. ನಮ್ಮ ಪಡಸಾಲೆಯ ಕ್ಯಾಲೆಂಡರ್ ದೇವರು ಹೀಗೆ ಗ್ಯಾಲರಿ ಸೇರಿದ. ಖಖ್ಖರ್ ದೊಡ್ಡ ಕಲಾವಿದರು, ಅದರಾಗ ನನಗ ಅನುಮಾನ ಇಲ್ಲ. ಆದರೆ ಅಂಥ ಪಟಗಳನ್ನು ಮೊದಲು ಬರೆದವರ ಗತಿ? ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದು ಮನೆಮನೆಯ ಗೋಡೆ ಮುಟ್ಟಿದರು. ಅವರ ಹೆಸರಾದರೂ ಉಳೀತು. ಗೋಕಾಕದ ಹಣ್ಣು ಬುಡಮೇಲು ಮಾಡಿ ನೋಡ್ರಿ, ಮಾಡಿದವರ ಹೆಸರು ನಾನಂತೂ ಒಂದರ ಮ್ಯಾಲೂ ಕಂಡಿಲ್ಲ.

ನಿಮ್ಮ ಕಪಾಟಿನಾಗ ಅಂಥ ಹಣ್ಣು ಉಳಿದಿದ್ರ, ಅದನ್ನ ಯಾರ ಕಡೆಯಿಂದ ತಂದ್ರು ಅಂತ ಮನೆಯ ಹಿರಿಯರನ್ನ ಕೇಳ್ರಿ. ಹೆಸರು ಸಿಕ್ಕರ ಒಂದು ಚೀಟಿ ಬರೆದು ಅದರ ಬುಡಕ್ಕ ಅಂಟಿಸ್ರಿ.